ಪಂಚಾಂಗದ ಅಂಚಿನ ಮಳೆ

ಅಪ್ಪನ ಟ್ರಂಕಿನಲ್ಲಿ ಮೂವತ್ತೊಂದು ಪಂಚಾಂಗಗಳಿದ್ದವು. ಮುಂಬಯಿ ಬಳಿಯ ದಿವಾ ಸ್ಟೇಷನ್ನಿನ ಪೂರ್ವಕ್ಕಿರುವ ನಮ್ಮ ಹಳೆಯ ಮನೆಯಲ್ಲಿ ನೆಲಮಹಡಿಗೆ ಪ್ರತಿ ಮಳೆಗಾಲವೂ ನೀರು ನುಗ್ಗುತ್ತಿದ್ದುದರಿಂದ ಆ ಟ್ರಂಕು ಸದಾ ಅಟ್ಟದ ಮೇಲೇ ಇರುತ್ತಿತ್ತು. ಕುಂದಾಪುರದ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದ ಅಪ್ಪ ಡೈರಿ ಬರೆದವನಲ್ಲ. ಪಂಚಾಂಗದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೆರಡು ಮಾತು ಗೀಚುತ್ತಿದ್ದ, ಅಷ್ಟೆ. ಮಳೆ ಹಿಡಿದ ದಿನ, ಹೊಳವಾದ ದಿನ, ಲೋಕಲ್ ನಿಂತ ದಿನ, ಊರಿನಿಂದ ಬಂದ ಕಾಗದದಲ್ಲಿ ನಾಟಿ ಮುಗಿದ ಸುದ್ದಿ. 2005ರ ಜುಲೈ 26ರ ಸಾಲಿನ ಎದುರು, ನೀರು ಮೆಟ್ಟಿಲಿನ ಎಷ್ಟನೇ ಹಂತಕ್ಕೆ ಬಂತು, ಅವನು ಠಾಣೆಯಿಂದ ಹಳಿಯ ಮೇಲೆ ನಡೆದು ಮನೆ ಸೇರಿದ್ದು ಎಷ್ಟು ಗಂಟೆಗೆ ಎಂಬುದಿತ್ತು.

ಆ ದಿನದ ಲೆಕ್ಕ ಎಲ್ಲರಿಗೂ ಗೊತ್ತು. ಸಾಂತಾಕ್ರೂಜ್‌ನ ಮಳೆಮಾಪಕ ಇಪ್ಪತ್ನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಿಸಿತು. ಅದೇ ಮುಂಬಯಿಯ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರಿಗೂ ಕಡಿಮೆ. ಈಗ ಹೀಗೆ ಯೋಚಿಸಿ. ಇನ್ನೂರು ವರ್ಷ ಕಳೆದಿದೆ, ಉಳಿದೆಲ್ಲ ದಾಖಲೆ ನಾಶವಾಗಿ ಕೊಲಾಬಾದ ಅಂಕಿಯೊಂದೇ ಉಳಿದಿದೆ. ಅಂದಿನ ವಿಜ್ಞಾನಿ ಅದನ್ನು ನೋಡಿ, 2005ರ ಜುಲೈ 26 ಮುಂಬಯಿಯ ಮಳೆಗಾಲದ ಒಂದು ಸಾಮಾನ್ಯ ದಿನ ಎಂದೇ ಬರೆಯುತ್ತಾನೆ. ಅವನ ಕೈಗೆ ಕಲ್ಯಾಣದ ಒಬ್ಬ ಅಂಗಡಿಯವನ ಖಾತೆ ಪುಸ್ತಕವೋ, ಬದಲಾಪುರದ ಶಾಲೆಯ ಹಾಜರಿ ಪುಸ್ತಕವೋ, ದಿವಾದ ಒಂದು ಪಂಚಾಂಗವೋ ಸಿಕ್ಕಿದರೆ ಮಾತ್ರ ನಿಜ ಹೊರಬರುತ್ತದೆ. ಈ ಅಧ್ಯಾಯ ಅಂಥ ಕಾಗದಗಳ ಬಗ್ಗೆ.

ಹಳೆಯ ಮಳೆಯನ್ನು ತಿಳಿಯಲು ಮರದ ಉಂಗುರಗಳೂ ಇವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಪಂತ್ ಮತ್ತು ಬೋರ್ಗಾಂವ್ಕರ್ 1983ರಲ್ಲಿ ನಮ್ಮ ಠಾಣೆ ಸೀಮೆಯ ತೇಗದ ಮರಗಳ ಉಂಗುರಗಳನ್ನೇ ಹವಾಮಾನದ ಜೊತೆ ಹೋಲಿಸಿ ನೋಡಿದ್ದರು. ಮರ ಸುಳ್ಳು ಹೇಳುವುದಿಲ್ಲ. ಆದರೆ ಅದು ಹೇಳುವುದು ಇಡೀ ವರ್ಷದ ಬೆಳವಣಿಗೆಯ ಕಥೆಯನ್ನು. ಮಳೆ ಜೂನ್ 5ಕ್ಕೆ ಬಂತೇ 25ಕ್ಕೆ ಬಂತೇ, ನಡುವೆ ಮೂರು ವಾರ ಕೈಕೊಟ್ಟಿತೇ, ಬಿತ್ತಿದ್ದು ಒಣಗಿ ಮತ್ತೆ ಬಿತ್ತಬೇಕಾಯಿತೇ ಎಂಬುದನ್ನು ಉಂಗುರ ಹೇಳಲಾರದು. ರೈತನಿಗೆ ಬೇಕಾದದ್ದು ಈ ವಿವರ. ಇದನ್ನು ತಾರೀಖಿನ ಸಮೇತ ಕೊಡಬಲ್ಲದ್ದು ಮನುಷ್ಯ ಬರೆದಿಟ್ಟ ಮಾತು ಮಾತ್ರ.

ಮಳೆಯನ್ನು ಅಳೆಯುವ ಪದ್ಧತಿ ನಮ್ಮಲ್ಲಿ ಬಹಳ ಹಳೆಯದಲ್ಲ. ಇಂದು ವಿಜ್ಞಾನಿಗಳು ಬಳಸುವ ಭಾರತದ ಅತ್ಯಂತ ಉದ್ದದ ಮಳೆ ಸರಣಿ ಮದರಾಸಿನಲ್ಲಿ 1813ಕ್ಕೆ ಶುರುವಾಗುತ್ತದೆ. ಮುಂಬಯಿಯದು 1817ಕ್ಕೆ. ಹಡಗುಗಳಿಗೆ ಸರಿಯಾದ ಸಮಯ ತಿಳಿಸಲೆಂದು ಈಸ್ಟ್ ಇಂಡಿಯಾ ಕಂಪನಿ 1826ರಲ್ಲಿ ಕಟ್ಟಿದ ಕೊಲಾಬಾ ವೀಕ್ಷಣಾಲಯ, 1841ರಿಂದ ಭೂಕಾಂತ ಮತ್ತು ಹವಾಮಾನದ ಕ್ರಮಬದ್ಧ ದಾಖಲೆಗೆ ತೊಡಗಿತು. ಇಡೀ ದೇಶಕ್ಕೆ ಹವಾಮಾನ ಇಲಾಖೆ ಬಂದದ್ದು 1875ರಲ್ಲಿ. ಮದರಾಸು, ಮುಂಬಯಿಯ ಸರಣಿಗಳಿಗೂ ಹಿಂದಿನ ಮಳೆಗೆ ಹೆಚ್ಚುಕಡಿಮೆ ಅಂಕಿಯೇ ಇಲ್ಲ. ಇರುವುದು ದೂರು, ಪ್ರಾರ್ಥನೆ, ಕಂದಾಯದ ಅರ್ಜಿ, ಹೆಂಡತಿಗೆ ಬರೆದ ಕಾಗದ.

ಇಂಥ ಕಾಗದಗಳನ್ನೇ ಹಿಡಿದು ಪಶ್ಚಿಮ ಭಾರತದ ಮುಂಗಾರನ್ನು ಮರಳಿ ಕಟ್ಟಿದವರು ಜಾರ್ಜ್ ಆ್ಯಡಮ್ಸನ್ ಮತ್ತು ಡೇವಿಡ್ ನ್ಯಾಶ್ ಎಂಬ ಇಬ್ಬರು ಬ್ರಿಟಿಷ್ ಭೂಗೋಳ ಶಾಸ್ತ್ರಜ್ಞರು. 2013ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯಲ್ಲಿ 1781ರಿಂದ 1878ರವರೆಗೆ ಮುಂಬಯಿಗೆ ಮುಂಗಾರು ಕಾಲಿಟ್ಟ ದಿನಗಳನ್ನು ಅವರು ಗುರುತಿಸಿದರು. ಮರುವರ್ಷ, 1781ರಿಂದ 1860ರವರೆಗೆ ಪಶ್ಚಿಮ ಭಾರತದ ಮಳೆಗಾಲ ಯಾವ ವರ್ಷ ಹೇಗಿತ್ತು ಎಂಬುದನ್ನು ಕಟ್ಟಿಕೊಟ್ಟರು. ಸಾಮಗ್ರಿ ಏನೆಂದರೆ ಖಾಸಗಿ ಡೈರಿಗಳು, ಪತ್ರಗಳು, ಸರ್ಕಾರದ ಕಡತಗಳು, ಮಿಷನರಿಗಳ ವರದಿಗಳು ಮತ್ತು ಮುಂಬಯಿಯ ಹಳೆಯ ಪತ್ರಿಕೆಗಳು. ಒಬ್ಬ ನ್ಯಾಯಾಧೀಶನ ಪತ್ನಿ ಸಂಜೆ ಸವಾರಿಗೆ ಹೋಗಲಾಗಲಿಲ್ಲವೆಂದು ಬೇಸರಪಟ್ಟು ಬರೆದದ್ದೂ ಇಲ್ಲಿ ಸಾಕ್ಷ್ಯವಾಗುತ್ತದೆ.

ಈ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಯಾಕೆಂದರೆ ಹಳೆಯ ಕಾಗದ ಓದಿ ಮಳೆ ಹೇಳುವುದೆಂದರೆ ಕಣಿ ಹೇಳಿದಂತೆ ಎಂಬ ಅನುಮಾನ ಹಲವರಿಗಿದೆ.

ಮೊದಲ ಹೆಜ್ಜೆ, ಬರೆದವರು ಯಾರು ಎಂದು ಕೇಳುವುದು. ಇಂಗ್ಲೆಂಡಿನಿಂದ ಹೊಸದಾಗಿ ಇಳಿದವನಿಗೆ ಮೊದಲ ಜೂನ್ ತಿಂಗಳು ಪ್ರಳಯದ ಹಾಗೆ ಕಾಣುತ್ತದೆ. ಹತ್ತು ವರ್ಷ ಕಳೆದವನು ಅದೇ ಮಳೆಗೆ ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ. ಹಾಗಾಗಿ ಒಬ್ಬನ ‘ಭಯಂಕರ’ವನ್ನು ಇನ್ನೊಬ್ಬನ ‘ಭಯಂಕರ’ದ ಜೊತೆ ನೇರವಾಗಿ ತೂಗುವಂತಿಲ್ಲ. ಒಬ್ಬನೇ ವ್ಯಕ್ತಿ ವರ್ಷ ವರ್ಷವೂ ಬಳಸುವ ಪದಗಳನ್ನು ಅವನವೇ ಪದಗಳ ಜೊತೆ ಹೋಲಿಸಬೇಕು. ನಮ್ಮ ಭಾಷೆಯಲ್ಲೇ ನೋಡಿ: ಜಿಟಿಜಿಟಿ, ಸೋನೆ, ಜಡಿ, ಬಿರುಮಳೆ, ಹುಚ್ಚುಮಳೆ. ಇವು ಅಲಂಕಾರದ ಮಾತುಗಳಲ್ಲ, ಒಂದು ಏಣಿಯ ಮೆಟ್ಟಿಲುಗಳು. ಧಾರವಾಡದ ರೈತ ‘ಒಂದು ಹದ ಮಳೆ ಆಯಿತು’ ಎಂದರೆ, ಬಿತ್ತುವುದಕ್ಕೆ ಬೇಕಾದಷ್ಟು ಆಳಕ್ಕೆ ಮಣ್ಣು ನೆನೆಯಿತು ಎಂದೇ ಅರ್ಥ. ಅದು ಅಳತೆ. ಮಾಪಕ ಅವನ ಕೈಬೆರಳು.

ಎರಡನೆಯದು, ಮಾತಿಗಿಂತ ಕೆಲಸವನ್ನು ನಂಬುವುದು. ಮಳೆ ಜೋರಾಗಿತ್ತು ಎಂಬ ವಾಕ್ಯಕ್ಕಿಂತ, ದೋಣಿಗಳನ್ನು ದಡಕ್ಕೆ ಎಳೆದ ದಿನ, ಮಾಡಿಗೆ ಮಡಲು ಹೊದಿಸಿದ ದಿನ, ಗದ್ದೆಗೆ ಪೈರು ನಾಟಿದ ದಿನ, ಜೋಳದ ಬೆಲೆ ಏರಿದ ವಾರ ಹೆಚ್ಚು ಗಟ್ಟಿ. ಬರೆಯುವವನಿಗೆ ಅಲ್ಲಿ ಉತ್ಪ್ರೇಕ್ಷೆ ಮಾಡುವ ಕಾರಣವೇ ಇರುವುದಿಲ್ಲ. ಅವನು ಹವಾಮಾನ ಬರೆಯುತ್ತಿಲ್ಲ, ಕೂಲಿಯ ಲೆಕ್ಕ ಬರೆಯುತ್ತಿದ್ದಾನೆ.

ಮೂರನೆಯದು, ಮುಂಗಾರು ಬಂದ ದಿನ ಎಂದರೆ ಏನೆಂದು ನಿರ್ಧರಿಸುವುದು. ಮೇ ಕೊನೆಯಲ್ಲಿ ಗುಡುಗು ಸಿಡಿಲಿನೊಂದಿಗೆ ಒಂದು ಸಂಜೆ ಸುರಿದು ಹೋಗುವ ಅಡ್ಡಮಳೆ ಮುಂಗಾರಲ್ಲ. ಗಾಳಿ ನೈಋತ್ಯಕ್ಕೆ ತಿರುಗಿ, ಮೋಡ ದಿನಗಟ್ಟಲೆ ನಿಂತು, ಮಳೆ ‘ಹಿಡಿಯಬೇಕು’. ಕರಾವಳಿಯವರು ಈ ಕ್ರಿಯಾಪದವನ್ನು ಬಹಳ ಎಚ್ಚರದಿಂದ ಬಳಸುತ್ತಾರೆ. ಅಪ್ಪನ ಪಂಚಾಂಗಗಳಲ್ಲೂ ‘ಮಳೆ ಬಂತು’ ಎಂಬುದು ಒಂದು ವರ್ಷದಲ್ಲಿ ಹಲವು ಸಲ ಇರುತ್ತಿತ್ತು, ‘ಮಳೆ ಹಿಡಿಯಿತು’ ಎಂಬುದು ಒಂದೇ ಸಲ. ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳೂ ಮುಂಗಾರು ‘ಒಡೆಯಿತು’ ಎಂದು ವರ್ಷಕ್ಕೊಮ್ಮೆ ಸಾರುತ್ತಿದ್ದವು.

ಆಮೇಲೆ ಅಂಕ ಕೊಡುವುದು. ತೀರಾ ಒಣ ವರ್ಷ, ಒಣ, ಸಾಮಾನ್ಯ, ಒದ್ದೆ, ಅತಿ ಒದ್ದೆ ಎಂದು ಐದು ದರ್ಜೆ. ಇದಕ್ಕಿಂತ ನುಣುಪಾದ ಅಳತೆಗೆ ಆಸೆಪಟ್ಟರೆ ಕಾಗದ ಹೇಳದಿದ್ದುದನ್ನು ನಾವೇ ಹೇಳಿಸಿದಂತಾಗುತ್ತದೆ. ಕೊನೆಯ ಹೆಜ್ಜೆಯೇ ಇಡೀ ವಿಧಾನದ ಜೀವ. 1817ರ ನಂತರ ಕಾಗದಗಳೂ ಇವೆ, ಮಳೆಮಾಪಕವೂ ಇದೆ. ಎರಡೂ ಜೊತೆಗಿರುವ ಈ ವರ್ಷಗಳಲ್ಲಿ ಕಾಗದದ ಅಂಕವನ್ನು ಮಾಪಕದ ಅಂಕಿಯ ಪಕ್ಕ ಇಟ್ಟು ನೋಡಬಹುದು. ಕಾಗದ ‘ತೀರಾ ಒಣ’ ಎಂದ ವರ್ಷ ಮಾಪಕವೂ ಕಡಿಮೆ ತೋರಿಸಿದರೆ, ಮಾಪಕವೇ ಇಲ್ಲದ 1780ರ, 1790ರ ದಶಕಗಳಲ್ಲೂ ಅದೇ ಓದುಗಾರಿಕೆಯನ್ನು ನಂಬಲು ಆಧಾರ ಸಿಕ್ಕಿತು. ಕಣಿಗೂ ವಿಜ್ಞಾನಕ್ಕೂ ಇರುವ ಅಂತರ ಈ ಹೋಲಿಕೆಯಲ್ಲಿದೆ. ಇಲ್ಲಿ ತಪ್ಪಿದರೆ ತಪ್ಪಿದ್ದು ಕಾಣುತ್ತದೆ.

ತಾರೀಖಿನ ತೊಡಕು ಬೇರೆಯೇ ಒಂದು ಅಧ್ಯಾಯಕ್ಕಾಗುವಷ್ಟಿದೆ. ನನಗೆ ಬಹಳ ಇಷ್ಟವಾದ ಭಾಗವೂ ಇದೇ.

ದಿವಾದಿಂದ ವಸಾಯಿಗೆ ರೈಲಿದೆ. ಖಾಡಿ ದಾಟಿದರೆ ಆಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ವಸಾಯಿ ಪೋರ್ಚುಗೀಸರದು, ಮುಂಬಯಿ ಇಂಗ್ಲಿಷರದು. ಪೋರ್ಚುಗೀಸರು 1582ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿದ್ದರು. ಇಂಗ್ಲಿಷರು 1752ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದುಕೊಂಡಿದ್ದರು. ಹಾಗಾಗಿ ಒಂದೇ ಮೋಡ ಒಂದೇ ಬೆಳಿಗ್ಗೆ ಎರಡೂ ಊರುಗಳ ಮೇಲೆ ಸುರಿದರೂ ಮುಂಬಯಿಯ ಗುಮಾಸ್ತ ಜೂನ್ 1 ಎಂದು ಬರೆದ, ವಸಾಯಿಯ ಪಾದ್ರಿ ಜೂನ್ 11 ಎಂದು ಬರೆದ. ಇದನ್ನು ಗಮನಿಸದೆ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ, ಮುಂಗಾರು ಖಾಡಿ ದಾಟಲು ಹತ್ತು ದಿನ ತೆಗೆದುಕೊಂಡಿತು ಎಂಬ ವಿಚಿತ್ರ ತೀರ್ಮಾನಕ್ಕೆ ಬರುತ್ತೇವೆ.

ನಮ್ಮ ಲೆಕ್ಕಗಳಲ್ಲಿ ತೊಡಕು ಇನ್ನೂ ಸೂಕ್ಷ್ಮವಾದದ್ದು. ಮಳೆ ನಕ್ಷತ್ರಗಳನ್ನು ತೆಗೆದುಕೊಳ್ಳಿ. ರೋಹಿಣಿ ಮಳೆ ಬಿದ್ದರೆ ಓಣಿ ತುಂಬ ಜೋಳ ಎಂಬ ಗಾದೆ ಉತ್ತರ ಕರ್ನಾಟಕದಲ್ಲಿ ಕೇಳದವರಿಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬ, ಉತ್ತರೆ ಎಂದು ನಮ್ಮ ಹಿರಿಯರು ಮಳೆಗಾಲವನ್ನು ಹೆಚ್ಚುಕಡಿಮೆ ಹದಿನಾಲ್ಕು ದಿನಗಳ ತುಂಡುಗಳಾಗಿ ಹಂಚಿಕೊಂಡಿದ್ದರು. ಇವು ಸೂರ್ಯ ಆಯಾ ನಕ್ಷತ್ರವನ್ನು ಪ್ರವೇಶಿಸುವ ದಿನದಿಂದ ಶುರುವಾಗುತ್ತವೆ. ಆದರೆ ಮುಂಗಾರು ನಕ್ಷತ್ರ ನೋಡಿಕೊಂಡು ಬರುವುದಿಲ್ಲ. ಅದು ಬರುವುದು ಭೂಮಿಯ ಓರೆಯಿಂದ ಹುಟ್ಟುವ ಋತುಚಕ್ರದ ಪ್ರಕಾರ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಾಡುವುದರಿಂದ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಇಪ್ಪತ್ತು ನಿಮಿಷ ಏನು ಮಹಾ ಎನ್ನಬಹುದು. ಎಪ್ಪತ್ತೆರಡು ವರ್ಷಕ್ಕೆ ಅದು ಒಂದು ದಿನವಾಗುತ್ತದೆ.

ಈಗ ಮೃಗಶಿರ ಮಳೆ ಹುಟ್ಟುವುದು ಜೂನ್ 7 ಅಥವಾ 8ಕ್ಕೆ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಅಂದರೆ ಅದು ಮೃಗಶಿರದ ಒಳಗೇ ಬೀಳುತ್ತದೆ. ಮುನ್ನೂರು ವರ್ಷದ ಹಿಂದೆ, ಇಂದಿನ ಕ್ಯಾಲೆಂಡರಿನ ಲೆಕ್ಕದಲ್ಲಿ, ಮೃಗಶಿರ ನಾಲ್ಕು ದಿನ ಮೊದಲೇ ಹುಟ್ಟುತ್ತಿತ್ತು. ಇನ್ನೂ ಹಿಂದಕ್ಕೆ ಹೋಗೋಣ. ಬೋರಿವಲಿಯ ಕಾಡಿನ ಕನ್ಹೇರಿ ಗುಹೆಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರಿರುವ ಒಂಬತ್ತನೆಯ ಶತಮಾನದ ಶಾಸನಗಳಿವೆ. ಕೊಂಕಣವನ್ನು ಆಗ ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಆ ಕಾಲದಲ್ಲಿ ಮೃಗಶಿರ ಹುಟ್ಟುತ್ತಿದ್ದುದು ಇಂದಿನ ಮೇ 23ರ ಸುಮಾರಿಗೆ. ಇಂದಿನ ಜೂನ್ 11 ಅಂದಿನವರಿಗೆ ಆರಿದ್ರಾ ಮಳೆಯ ದಿನವಾಗುತ್ತಿತ್ತು. ಮುಂಗಾರು ಕದಲದೆ ಇದ್ದಲ್ಲೇ ಇದ್ದರೂ ಅದರ ಹೆಸರು ಬದಲಾಗಿಬಿಟ್ಟಿದೆ. ಹಳೆಯ ಬರಹದಲ್ಲಿ ಆರಿದ್ರಾಕ್ಕೆ ಮಳೆ ಬಂತು ಎಂದು ಕಂಡು, ಆಗ ಮಳೆ ಎರಡು ವಾರ ತಡವಾಗಿ ಬರುತ್ತಿತ್ತು ಎಂದು ಹೇಳುವ ಮೊದಲು ಈ ಲೆಕ್ಕ ಮಾಡಲೇಬೇಕು.

ಇದು ಬರೀ ಜ್ಯೋತಿಷದ ಕುತೂಹಲವಲ್ಲ. ಬಿಜಾಪುರದ ಆದಿಲಶಾಹಿ ದಾಖಲೆಗಳೂ ಮರಾಠರ ದಾಖಲೆಗಳೂ ಬಳಸಿದ ಶುಹೂರ್ ಸನ್ ಎಂಬ ಆಡಳಿತದ ವರ್ಷ ಶುರುವಾಗುತ್ತಿದ್ದುದೇ ಸೂರ್ಯ ಮೃಗಶಿರಕ್ಕೆ ಬಂದ ದಿನ. ಅದಕ್ಕೇ ಅದನ್ನು ಮೃಗಸಾಲು ಎಂದೂ ಕರೆದರು. ದೊರೆತನದ ಜಮಾಖರ್ಚು ಮಳೆಯೊಂದಿಗೆ ಹೊಸದಾಗುತ್ತಿತ್ತು. ಸಂವತ್ಸರಗಳ ಕಥೆಯೂ ಹೀಗೆಯೇ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ, ‘ಧಾತು ಸಂವತ್ಸರದಲ್ಲಿ ಮಳೆ ಇಲ್ಲ’ ಎಂದು ಬರೆದ ಕಾಗದದಲ್ಲಿ ಶಕವರ್ಷ ಕಾಣಿಸದಿದ್ದರೆ ಅದು 1876ರದೋ 1816ರದೋ ಎಂದು ತೀರ್ಮಾನಿಸಲು ಕೈಬರಹ, ಕಾಗದದ ಜಾತಿ, ಅದರಲ್ಲಿ ಬರುವ ಅಧಿಕಾರಿಯ ಹೆಸರು ಎಲ್ಲವನ್ನೂ ಕೆದಕಬೇಕು.

1876ರ ಧಾತು, 1877ರ ಈಶ್ವರ. ಹಳೆಯ ಮೈಸೂರಿನಲ್ಲಿ ಈ ಎರಡು ಹೆಸರುಗಳನ್ನು ಜೋಡಿಸಿ ಹೇಳಿದರೆ ಸಾಕು, ಅಜ್ಜಿಯರು ಸುಮ್ಮನಾಗುತ್ತಿದ್ದರು. ಮೈಸೂರು ಸಂಸ್ಥಾನದ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕಲಾದಗಿ ಜಿಲ್ಲೆ, ಅಂದರೆ ಇಂದಿನ ವಿಜಯಪುರ–ಬಾಗಲಕೋಟೆಯ ನೆಲ, ನಲುಗಿಹೋಯಿತು. ಪೆಸಿಫಿಕ್ ಸಾಗರದ ನೀರು ಬಿಸಿಯೇರಿ ಹುಟ್ಟಿದ ಒಂದು ಪ್ರಬಲ ಎಲ್ ನಿನೋ ಇದರ ಹಿಂದಿತ್ತು ಎಂಬುದು ಇಂದು ನಮಗೆ ಗೊತ್ತು. ಅಂದು ಕಲ್ಕತ್ತೆಯಲ್ಲಿ ಹವಾಮಾನ ಇಲಾಖೆ ನಡೆಸುತ್ತಿದ್ದ ಹೆನ್ರಿ ಬ್ಲಾನ್‌ಫರ್ಡ್, ಮುಂದೆ ಅದೇ ಇಲಾಖೆಯ ಗಿಲ್ಬರ್ಟ್ ವಾಕರ್, ಮುಂಗಾರನ್ನು ಮುನ್ಸೂಚಿಸುವ ದಾರಿ ಹುಡುಕಿ ಹೊರಟದ್ದಕ್ಕೆ ಇಂಥ ಬರಗಾಲಗಳೇ ಕಾರಣ.

ಆದರೆ ‘ಬರ’ ಎಂಬ ಪದವನ್ನು ಕಂಡ ಕೂಡಲೇ ಮಳೆ ಇಲ್ಲ ಎಂದು ಬರೆದುಕೊಳ್ಳುವುದು ಈ ವಿದ್ಯೆಯಲ್ಲಿ ಮೊದಲ ಪಾಪ. 1803–04ರಲ್ಲಿ ದಖ್ಖನಿನಲ್ಲಿ ಘೋರ ಕ್ಷಾಮವಿತ್ತು. ಅದಕ್ಕೆ ಮುಖ್ಯ ಕಾರಣ ಹೋಳ್ಕರನ ಸೈನ್ಯ ಮತ್ತು ಪಿಂಡಾರಿಗಳು ಹೊಲ ಸುಟ್ಟು ಹಗೇವು ದೋಚಿದ್ದು. ಅದಕ್ಕೂ ಹಿಂದಿನ 1791–92ರ ಡೋಜಿ ಬರ, ತಲೆಬುರುಡೆಯ ಬರ ಎಂದು ಹೆಸರಾದದ್ದು. ಸತ್ತವರನ್ನು ಹೂಳಲೂ ಜನರಿಲ್ಲದೆ ನೆಲವೆಲ್ಲ ಬುರುಡೆಗಳಾದವು ಎಂಬ ನೆನಪು ಆ ಹೆಸರಿನಲ್ಲಿದೆ. ಆಗ ಎಲ್ ನಿನೋ ಇತ್ತು, ನಿಜ. ಕೋರಮಂಡಲ ತೀರದ ಸಾಮರ್ಲಕೋಟೆಯ ಬಳಿ ವಿಲಿಯಂ ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ಆ ವರ್ಷಗಳಲ್ಲಿ ಮಳೆ ಸತತವಾಗಿ ಕೈಕೊಟ್ಟದ್ದನ್ನು ದಾಖಲಿಸಿದ್ದಾನೆ. ಆದರೆ ಧಾರವಾಡದ ಮಟ್ಟಿಗೆ ಅದಕ್ಕೆ ಸ್ವಲ್ಪ ಮೊದಲು, 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲ್‌ವರೆಗೆ, ಪರಶುರಾಮ ಭಾವೂನ ಮರಾಠಾ ಸೈನ್ಯ ಕೋಟೆಯನ್ನು ಮುತ್ತಿ ಕೂತಿತ್ತು. ಸುತ್ತಲಿನ ಹಳ್ಳಿಗಳ ಕಾಳು, ಮೇವು ಎಲ್ಲ ಆ ಸೈನ್ಯದ ಹೊಟ್ಟೆಗೆ. ಧಾರವಾಡದವರ ಹಸಿವಿನಲ್ಲಿ ಮೋಡದ ಪಾಲೆಷ್ಟು, ಪರಶುರಾಮ ಭಾವೂನ ಪಾಲೆಷ್ಟು ಎಂದು ಬಿಡಿಸಲು, ಸೈನ್ಯ ಕಾಲಿಡದ ಊರುಗಳ ಕಾಗದ ಬೇಕು. ಮಲೆನಾಡಿನದು, ಕರಾವಳಿಯದು, ಕೊಂಕಣದ್ದು. ಒಂದೇ ವರ್ಷ ಎಲ್ಲ ಕಡೆಯೂ ಗದ್ದೆ ಒಣಗಿದ್ದರೆ ಮೋಡವೇ ಕೈಕೊಟ್ಟಿದೆ ಎನ್ನಬಹುದು.

ಕಾಗದದ ಮೇಲೆ ಸುಳ್ಳೂ ಬದುಕುತ್ತದೆ, ಅದೂ ಬಹಳ ಕಾಲ. 1882ರ ಜೂನ್ 6ರಂದು ಮುಂಬಯಿಗೆ ಮಹಾ ಚಂಡಮಾರುತ ಅಪ್ಪಳಿಸಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂದು ಎಷ್ಟೋ ಪಟ್ಟಿಗಳಲ್ಲಿ, ಪುಸ್ತಕಗಳಲ್ಲಿ ಅಚ್ಚಾಗಿದೆ. 1881ರ ಜನಗಣತಿಯ ಪ್ರಕಾರ ಮುಂಬಯಿಯ ಜನಸಂಖ್ಯೆ 7 ಲಕ್ಷ 73 ಸಾವಿರ. ಅಂದರೆ ಊರಿನ ಎಂಟರಲ್ಲಿ ಒಬ್ಬರು ಒಂದೇ ದಿನ ಸತ್ತಿರಬೇಕು. ಅಷ್ಟು ಹೊತ್ತಿಗೆ ಮುಂಬಯಿಯಲ್ಲಿ ಹಲವು ದಿನಪತ್ರಿಕೆಗಳಿದ್ದವು, ತಂತಿ ಇತ್ತು, ಕಲ್ಯಾಣಕ್ಕೆ ರೈಲು ಬಂದು ಇಪ್ಪತ್ತೆಂಟು ವರ್ಷವಾಗಿತ್ತು, ಕೊಲಾಬಾದಲ್ಲಿ ವಾಯುಭಾರವನ್ನು ದಿನವೂ ಬರೆದಿಡುತ್ತಿದ್ದರು. ಆ ವಾರದ ಪತ್ರಿಕೆಗಳಲ್ಲಿ ಇಂಥ ದುರಂತದ ಸುದ್ದಿಯೇ ಇಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಆ್ಯಡಮ್ ಸೋಬೆಲ್ ಮತ್ತು ಸಂಗಡಿಗರು ಮುಂಬಯಿಯ ಚಂಡಮಾರುತದ ಅಪಾಯವನ್ನು ಲೆಕ್ಕಹಾಕುವಾಗ ಇದನ್ನು ಜಾಲಾಡಿ, ಅಂಥ ಚಂಡಮಾರುತ ನಡೆದೇ ಇಲ್ಲ ಎಂದು 2019ರಲ್ಲಿ ಬರೆದರು. ನಿಜವಾಗಿ ಊರನ್ನು ಬಡಿದದ್ದು 1854ರ ನವೆಂಬರಿನ ಚಂಡಮಾರುತ. ಅದರಲ್ಲಿ ಸುಮಾರು ಒಂದು ಸಾವಿರ ಜನ ಸತ್ತರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಬರೆದರೆ ಸಾಕ್ಷಿಗಳು ಇಬ್ಬರಾಗುವುದಿಲ್ಲ. ಘಟನೆ ನಡೆದ ದಿನ, ನಡೆದ ಜಾಗದಲ್ಲಿ ಬರೆದ ಒಂದು ಸಾಲು, ನೂರು ವರ್ಷದ ನಂತರದ ಹತ್ತು ಪುಸ್ತಕಕ್ಕಿಂತ ತೂಕದ್ದು. ಅಪಾಯದ ಲೆಕ್ಕ ಸುಳ್ಳು ಅಂಕಿಯ ಮೇಲೆ ನಿಂತರೆ ಖಾಡಿಯ ದಡದ ಊರುಗಳಿಗೆ ಎಷ್ಟು ಎತ್ತರದ ಗೋಡೆ ಬೇಕು, ಎಷ್ಟು ಅಗಲದ ನಾಲೆ ಬೇಕು ಎಂಬುದೂ ತಪ್ಪುತ್ತದೆ. ದಿವಾದಲ್ಲಿ ವಾಸಿಸುವವನಿಗೆ ಇದು ಬರೀ ಇತಿಹಾಸದ ವಾದ ಅಲ್ಲ.

ಹೊರಗಿನ ಲೋಕದಲ್ಲಿ ಈ ಕೆಲಸ ಎಷ್ಟು ಮುಂದೆ ಹೋಗಿದೆ ಎಂಬುದಕ್ಕೆ ಎರಡು ಮೂರು ಮಾತು ಸಾಕು. ಜಪಾನಿನ ಕ್ಯೋಟೋದಲ್ಲಿ ಅರಮನೆಯವರೂ ಸನ್ಯಾಸಿಗಳೂ ಚೆರ್ರಿ ಹೂವಿನ ಉತ್ಸವದ ದಿನಗಳನ್ನು ಡೈರಿಗಳಲ್ಲಿ ಬರೆದದ್ದರಿಂದ ಒಂಬತ್ತನೆಯ ಶತಮಾನದಿಂದೀಚೆಗೆ ಅಲ್ಲಿನ ವಸಂತದ ತಾಪಮಾನವನ್ನು ಅಂದಾಜಿಸಬಹುದು. 2021ರ ಮಾರ್ಚ್ 26ರಂದು ಹೂ ಪೂರ್ತಿ ಅರಳಿದಾಗ, ಸಾವಿರದ ಇನ್ನೂರು ವರ್ಷಗಳಲ್ಲೇ ಇದು ಅತಿ ಬೇಗ ಎಂದು ಹೇಳುವುದು ಸಾಧ್ಯವಾಯಿತು. ಚೀನಾದವರು ಸ್ಥಳೀಯ ವೃತ್ತಾಂತಗಳನ್ನು ಓದಿ 1470ರಿಂದ 120 ಸ್ಥಳಗಳ ಒಣ–ಒದ್ದೆಯ ಐದು ದರ್ಜೆಯ ನಕ್ಷೆಗಳನ್ನು ಮಾಡಿದ್ದಾರೆ. ನನ್ನನ್ನು ಹೆಚ್ಚು ಹಿಡಿದದ್ದು ಸ್ಪೇನಿನದು. ಅಲ್ಲಿ ಮಳೆ ಬಾರದಿದ್ದರೆ ಚರ್ಚುಗಳಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು. ಬರ ಹೆಚ್ಚಿದಂತೆ ಪ್ರಾರ್ಥನೆಯೂ ಬೆಳೆಯುತ್ತಿತ್ತು: ಮೊದಲು ಚರ್ಚಿನ ಒಳಗೆ, ಆಮೇಲೆ ಬೀದಿಯಲ್ಲಿ ಮೆರವಣಿಗೆ, ಕೊನೆಗೆ ದೂರದ ಕ್ಷೇತ್ರಕ್ಕೆ ಯಾತ್ರೆ. ಪ್ರತಿಯೊಂದಕ್ಕೂ ಖರ್ಚಿದೆ, ಖರ್ಚಿಗೆ ಲೆಕ್ಕವಿದೆ, ಲೆಕ್ಕಕ್ಕೆ ತಾರೀಖಿದೆ. ಆ ಲೆಕ್ಕಗಳಿಂದಲೇ ಬರದ ತೀವ್ರತೆಯನ್ನು ಓದುತ್ತಾರೆ.

ಇದನ್ನು ಓದಿದಾಗಲೆಲ್ಲ ನನಗೆ ಶೃಂಗೇರಿ ಬಳಿಯ ಕಿಗ್ಗ ನೆನಪಾಗುತ್ತದೆ. ಮಳೆ ಬೇಕಾದಾಗ ಕಿಗ್ಗದ ಋಷ್ಯಶೃಂಗನಿಗೆ ಮೊರೆಹೋಗುವುದು ಇಂದಿಗೂ ನಡೆದಿದೆ. ಊರೂರಿನಲ್ಲಿ ಪರ್ಜನ್ಯ ಜಪ, ಕಪ್ಪೆ ಮದುವೆ, ಹಳ್ಳಿಗಳಲ್ಲಿ ಮಳೆರಾಯನನ್ನು ಹೊತ್ತು ತಿರುಗುವುದು. ದೇವಸ್ಥಾನಗಳ ಹಳೆಯ ಜಮಾಖರ್ಚಿನಲ್ಲಿ ಇಂಥ ವಿಶೇಷ ಪೂಜೆಯ ತಾರೀಖುಗಳನ್ನು ಹುಡುಕಿ ಸಾಲಾಗಿ ಜೋಡಿಸಿದರೆ ಸ್ಪೇನಿನವರು ಮಾಡಿದ್ದನ್ನು ನಾವೂ ಮಾಡಬಹುದು.

ಕನ್ನಡದ ನೆಲಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಅಲ್ಲಿಂದ ಅವರು ಸ್ವಿಟ್ಜರ್ಲೆಂಡಿಗೆ ಬರೆದ ಕಾಗದಗಳೂ ವಾರ್ಷಿಕ ವರದಿಗಳೂ ಬಾಸೆಲ್‌ನ ಸಂಗ್ರಹದಲ್ಲಿವೆ. 1843ರ ಜುಲೈನಲ್ಲಿ, ಮಳೆಗಾಲದ ನಡುವೆಯೇ, ಹರ್ಮನ್ ಮೋಗ್ಲಿಂಗ್ ಮಂಗಳೂರ ಸಮಾಚಾರವನ್ನು ಹೊರಡಿಸಿದ. ಶೃಂಗೇರಿಯಂಥ ಮಠಗಳ ಕಡತಗಳಿವೆ. ಹುಣಸೆಬೀಜದ ಅಂಟು, ಇದ್ದಲು ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಆ ಪುಸ್ತಕಗಳು ನೂರಾರು ವರ್ಷ ತಾಳಿವೆ. ಧಾರವಾಡ, ಬೆಳಗಾವಿ, ವಿಜಯಪುರಗಳು 1818ರ ಸುಮಾರಿನವರೆಗೆ ಪೇಶ್ವೆಗಳ ಕೈಯಲ್ಲಿದ್ದುದರಿಂದ ಅಲ್ಲಿನ ಕಂದಾಯದ ಕಾಗದಗಳು ಮೋಡಿ ಲಿಪಿಯಲ್ಲಿ ಪುಣೆಯ ಪೇಶ್ವೆ ದಫ್ತರಿನಲ್ಲಿವೆ. ಯಾವ ಊರಿಗೆ ಯಾವ ವರ್ಷ ತೆರಿಗೆಯಲ್ಲಿ ಸೂಟು, ಅಂದರೆ ವಿನಾಯಿತಿ, ಕೊಟ್ಟರು ಎಂಬುದು ಅಲ್ಲಿರುತ್ತದೆ. ಅದನ್ನು ಓದಲು ಮೋಡಿಯೂ ಕನ್ನಡ ನಾಡಿನ ಊರು, ಬೆಳೆ, ಮಣ್ಣೂ ಗೊತ್ತಿರುವವರು ಬೇಕು. ಅಂಥವರು ಒಂದು ಕಾಲಕ್ಕೆ ನಮ್ಮ ಉತ್ತರದ ಜಿಲ್ಲೆಗಳ ಪ್ರತಿ ಊರಿನಲ್ಲಿದ್ದರು. ಈಗ ಬೆರಳೆಣಿಕೆಯಷ್ಟು.

ಆ್ಯಡಮ್ಸನ್, ನ್ಯಾಶ್ ಅವರ ಕೆಲಸವನ್ನು ನಾನು ಬಹಳ ಗೌರವಿಸುತ್ತೇನೆ. ಅವರು ಹೆಚ್ಚಾಗಿ ಇಂಗ್ಲಿಷಿನ ಕಾಗದಗಳಿಂದ ಕಟ್ಟಿದರು. ಅವರು ಆರಿಸಿಕೊಂಡ ಮುಂಬಯಿ, ಪುಣೆ, ಗುಜರಾತಿನ ಪ್ರದೇಶಗಳಿಗೆ ಅದು ಸಾಕಷ್ಟು ಒದಗಿತು. ಆದರೆ ಇಂಗ್ಲಿಷಿನಲ್ಲಿ ಬರೆದವನು ಬಂಗಲೆಯ ಜಗಲಿಯಿಂದ ಮಳೆ ನೋಡಿದವನು. ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತವನಿಗೆ ಎರಡು ಮಳೆಗಳ ನಡುವಿನ ಹೊಳ ಎಷ್ಟು ದಿನದ್ದು ಎಂಬುದು ಜೀವನ್ಮರಣದ ಪ್ರಶ್ನೆ. ಆ ಹೊಳದ ಉದ್ದ ನಮ್ಮ ಭಾಷೆಗಳ ಕಾಗದಗಳಲ್ಲಿದೆ.

2025ರಲ್ಲಿ ಮುಂಗಾರು ಮೇ 26ಕ್ಕೇ ಮುಂಬಯಿಗೆ ಬಂತು. ಕೊಲಾಬಾದಲ್ಲಿ 1918ರ ಮೇ ತಿಂಗಳ ಮಳೆಯ ದಾಖಲೆ ಮುರಿಯಿತು. ಎಪ್ಪತ್ತೈದು ವರ್ಷಗಳಲ್ಲೇ ಇದು ಅತಿ ಬೇಗ ಎಂದು ಹವಾಮಾನ ಇಲಾಖೆ ಹೇಳಿತು. ಹಿಂದೆ, ಇನ್ನೂರು ಮುನ್ನೂರು ವರ್ಷಗಳಲ್ಲಿ, ಇಂಥ ಮೇ ತಿಂಗಳು ಎಷ್ಟು ಸಲ ಬಂದಿತ್ತು? ಭೂಮಿ ಬಿಸಿಯಾಗುತ್ತಿರುವ ಈ ಹೊತ್ತಿನಲ್ಲಿ ಮುಂಗಾರಿನ ಹಳೆಯ ಚಂಚಲತೆ ಎಷ್ಟು, ಹೊಸ ಬದಲಾವಣೆ ಎಷ್ಟು ಎಂದು ಬೇರೆ ಮಾಡಲು ಈ ಲೆಕ್ಕ ಬೇಕೇ ಬೇಕು. ಎಪ್ಪತ್ತೈದು ವರ್ಷ ಒಬ್ಬ ಮನುಷ್ಯನ ಆಯುಷ್ಯ ಮಾತ್ರ.

ಡೊಂಬಿವಲಿ, ಕಲ್ಯಾಣ, ದಿವಾ, ನವಿಮುಂಬಯಿಗಳಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇನ್ನೂ ಎಷ್ಟೋ ಟ್ರಂಕುಗಳಿವೆ. ಊರಿಂದ ಬಂದ ಇನ್‌ಲ್ಯಾಂಡ್ ಪತ್ರಗಳ ಕಂತೆಗಳಿವೆ. ಅವುಗಳ ಮೊದಲ ಪ್ಯಾರಾ ಯಾವಾಗಲೂ ಕ್ಷೇಮಸಮಾಚಾರ, ಎರಡನೆಯದು ಮಳೆ–ಬೆಳೆ. ಹೋಟೆಲುಗಳ ಹಳೆಯ ಕಿರ್ದಿ ಪುಸ್ತಕಗಳಿವೆ. ಯಾವ ದಿನ ಗಿರಾಕಿ ಇಲ್ಲ, ಯಾವ ದಿನ ಹಾಲಿನ ಗಾಡಿ ಬರಲಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ಮೊಗವೀರ ಮಾಸಿಕದ, ಕರ್ನಾಟಕ ಮಲ್ಲದ, ಉದಯವಾಣಿಯ ಮುಂಬಯಿ ಆವೃತ್ತಿಯ ಹಳೆಯ ಸಂಚಿಕೆಗಳು ಯಾರದೋ ಕಪಾಟಿನಲ್ಲಿ ಗೆದ್ದಲಿಗೆ ಕಾಯುತ್ತಿವೆ. ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಮನೆ ಖಾಲಿ ಮಾಡುವ ವಾರದಲ್ಲಿ ಮೊದಲು ರದ್ದಿಗೆ ಹೋಗುವುದು ಈ ಕಾಗದಗಳೇ.

ಅಪ್ಪ ತೀರಿಕೊಂಡ ಮೇಲೆ ನಾವೂ ಮನೆ ಬದಲಿಸಿದೆವು. ಮೂವತ್ತೊಂದರಲ್ಲಿ ಈಗ ನನ್ನ ಬಳಿ ಉಳಿದಿರುವುದು ಹತ್ತೊಂಬತ್ತು. ಉಳಿದವು ಆ ಗಡಿಬಿಡಿಯಲ್ಲಿ ತೂಕಕ್ಕೆ ಹೋದವು, ನಾನೇ ಕೈಯಾರೆ ಕೊಟ್ಟೆ. ಅಂಚಿನಲ್ಲಿ ಏನಿದೆ ಎಂದು ನೋಡುವಷ್ಟು ಅಂದು ನನಗೆ ತಿಳಿವಳಿಕೆ ಇರಲಿಲ್ಲ.

ನಿಮ್ಮ ಮನೆಯಲ್ಲಿ ಅಂಥ ಪಂಚಾಂಗವೋ ಪತ್ರವೋ ಖಾತೆಯೋ ಇದ್ದರೆ ಇಂದೇ ಕೆಳಗಿಳಿಸಿ. ಒಂದೊಂದು ಪುಟವನ್ನೂ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅಂಚು ಕತ್ತರಿಸದ ಹಾಗೆ. ಬರೆದವರು ಯಾರು, ಆಗ ಎಲ್ಲಿದ್ದರು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಆಮೇಲೆ ಅದನ್ನು ಓದಬಲ್ಲವರಿಗೆ ತಲುಪಿಸಿ.